‘ಉಚ್ಚಾರಣೆ ತಪ್ಪು’ ಎಂದು ಬರೆಯುವ ಮುನ್ನ

ಅಭ್ಯಾಸ ಬೋಧನೆಯಲ್ಲಿ ಅಮೆರಿಕ ಖಂಡಗಳ ಪಾಠ ಬಂದಾಗಲೆಲ್ಲ ವೀಕ್ಷಣಾ ಪುಸ್ತಕದಲ್ಲಿ ಒಂದು ಷರಾ ತಪ್ಪದೆ ಕಾಣಿಸಿಕೊಳ್ಳುತ್ತದೆ: ‘ಸ್ಥಳನಾಮಗಳ ಉಚ್ಚಾರಣೆ ತಿದ್ದಿಕೊಳ್ಳುವುದು.’ ಯಾವ ಹೆಸರು, ಹೇಗೆ ತಿದ್ದಿಕೊಳ್ಳಬೇಕು ಎಂಬುದು ಅಲ್ಲಿ ಇರುವುದಿಲ್ಲ. ‘ಸ್ಯಾನ್ ಜೋಸ್’ ಎಂದದ್ದಕ್ಕೆ ಒಬ್ಬರು ಅಂಕ ಕಳೆಯುತ್ತಾರೆ. ‘ಸ್ಯಾನ್ ಹೊಸೆ’ ಎಂದರೆ ಇನ್ನೊಬ್ಬರು ‘ಮಕ್ಕಳಿಗೆ ಗೊಂದಲವಾಗುತ್ತದೆ, ಎಲ್ಲರೂ ಹೇಳುವಂತೆ ಹೇಳಿ’ ಎನ್ನುತ್ತಾರೆ. ಇಬ್ಬರ ನಡುವೆ ಸಿಕ್ಕಿಕೊಳ್ಳುವವರು ಪ್ರಶಿಕ್ಷಣಾರ್ಥಿಗಳು. ಅದಕ್ಕಿಂತ ಕೆಟ್ಟದ್ದೆಂದರೆ, ಅನೇಕರು ಆಮೇಲೆ ಭೂಪಟದಲ್ಲಿ ಊರನ್ನು ಕೋಲಿನಿಂದ ತೋರಿಸಿ ಹೆಸರನ್ನು ಗಂಟಲಲ್ಲೇ ನುಂಗುತ್ತಾರೆ.

ಈ ಷರಾ ಬರೆಯುವ ಹಕ್ಕು ನಮಗೆ ಎಲ್ಲಿಂದ ಬಂತು ಎಂದು ಕೇಳಿಕೊಳ್ಳಬೇಕು. ಏಕೆಂದರೆ ಸ್ಪ್ಯಾನಿಷ್ ಮೂಲದ ಹೆಸರುಗಳನ್ನು ಹೇಗೆ ಹೇಳಬೇಕೆಂಬ ಜಗಳ ಆ ಊರುಗಳಲ್ಲೇ ನೂರು ವರ್ಷ ಕಳೆದರೂ ಮುಗಿದಿಲ್ಲ.

ಲಾಸ್ ಏಂಜಲೀಸನ್ನೇ ನೋಡಿ. 1781ರಲ್ಲಿ ಸ್ಪ್ಯಾನಿಷ್ ಆಳ್ವಿಕೆಯ ಕಾಲದಲ್ಲಿ ಹುಟ್ಟಿದ ಊರು. ಹೆಸರಿಗೆ ‘ದೇವದೂತರು’ ಎಂದು ಅರ್ಥ. ಸ್ಪ್ಯಾನಿಷ್ ಬಾಯಲ್ಲಿ ಅದು ಹೆಚ್ಚುಕಡಿಮೆ ‘ಲೋಸ್ ಆಂಹೆಲೆಸ್’. 1848ರ ಒಪ್ಪಂದದಿಂದ ಕ್ಯಾಲಿಫೋರ್ನಿಯ ಮೆಕ್ಸಿಕೊದ ಕೈತಪ್ಪಿ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಸೇರಿದ ಮೇಲೆ ಇಂಗ್ಲಿಷ್ ಮಾತಿನವರು ಬಂದು ತುಂಬಿದರು. ಒಬ್ಬರು ‘ಜ’ ಎಂದರು, ಒಬ್ಬರು ‘ಗ’ ಎಂದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾರ್ಲ್ಸ್ ಲಮ್ಮಿಸ್ ಎಂಬ ಪತ್ರಕರ್ತ ಸ್ಪ್ಯಾನಿಷ್ ಉಚ್ಚಾರಣೆಯೇ ಉಳಿಯಬೇಕೆಂದು ಹೋರಾಡಿದರು. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಕೆಲವು ವರ್ಷ ತನ್ನ ಹೆಸರಿನ ಕೆಳಗೇ ಊರಿನ ಹೆಸರನ್ನು ಹೇಗೆ ಹೇಳಬೇಕೆಂದು ಅಚ್ಚು ಮಾಡುತ್ತಿತ್ತು. ಪ್ರಯೋಜನವಾಗಲಿಲ್ಲ. 1952ರಲ್ಲಿ ಮೇಯರ್ ಫ್ಲೆಚರ್ ಬೌರನ್ ಅಧಿಕೃತ ಉಚ್ಚಾರಣೆಯನ್ನು ಗೊತ್ತುಮಾಡಲು ಒಂದು ಮಂಡಳಿಯನ್ನೇ ನೇಮಿಸಿದರು. ತೀರ್ಮಾನ ‘ಜ’ಕಾರದ ಕಡೆಗಾಯಿತು. ಆದರೆ 1961ರಿಂದ 1973ರವರೆಗೆ ಅದೇ ಊರಿನ ಮೇಯರ್ ಆಗಿದ್ದ ಸ್ಯಾಮ್ ಯಾರ್ಟಿ ‘ಗ’ಕಾರವನ್ನು ಬಿಡಲೇ ಇಲ್ಲ! ಅವರು ನಮ್ಮಲ್ಲಿ ಪಾಠ ಕೊಟ್ಟಿದ್ದರೆ ಎಷ್ಟು ಅಂಕ ಬರುತ್ತಿತ್ತೋ.

ನೆವಾಡದ ಕಥೆ ಇದಕ್ಕೆ ತಿರುವುಮುರುವು. ಸ್ಪ್ಯಾನಿಷಿನಲ್ಲಿ ‘ಹಿಮ ಹೊದ್ದ’ ಎಂಬ ಅರ್ಥದ ಈ ಪದದ ನಡುವಿನ ಸ್ವರ ಶುದ್ಧ ‘ಆ’. ಕನ್ನಡದಲ್ಲಿ ನಾವು ಬರೆಯುವುದೂ ಹಾಗೆಯೇ. ಆದರೆ ಆ ರಾಜ್ಯದವರು ‘ನೆವ್ಯಾಡ’ ಎನ್ನುತ್ತಾರೆ, ‘ನೆವಾಡ’ ಎಂದವರನ್ನು ಹೊರಗಿನವರೆಂದು ಗುರುತಿಸುತ್ತಾರೆ. 2016ರ ಚುನಾವಣಾ ಪ್ರಚಾರದಲ್ಲಿ ಡೊನಾಲ್ಡ್ ಟ್ರಂಪ್ ರೀನೊ ನಗರಕ್ಕೆ ಹೋಗಿ, ಅಲ್ಲಿನ ಜನರಿಗೇ ‘ನೆವಾಡ’ ಸರಿ ಎಂದು ಪಾಠ ಹೇಳಿ ನಗೆಪಾಟಲಾದರು. ಮೂಲ ಭಾಷೆಯ ಲೆಕ್ಕದಲ್ಲಿ ಅವರದ್ದೇ ಹತ್ತಿರ. ಅಷ್ಟಕ್ಕೇ ನಿಲ್ಲುವುದಿಲ್ಲ: ಮಿಸೌರಿ ರಾಜ್ಯದಲ್ಲಿ ಇದೇ ಅಕ್ಷರಗಳ ಒಂದು ಊರಿದೆ, ಅದು ‘ನೆವೇಡ’. ಕೊಲರಾಡೊದ ಬುವೆನ ವಿಸ್ತ ‘ಬ್ಯೂನ ವಿಸ್ಟ’ ಆಗಿದೆ. ನ್ಯೂ ಮೆಕ್ಸಿಕೊದ ಮಾದ್ರಿದ್ ‘ಮ್ಯಾಡ್ರಿಡ್’, ಒತ್ತು ಮೊದಲ ಅಕ್ಷರದ ಮೇಲೆ. ಅದೇ ಫ್ಲೋರಿಡದಲ್ಲಿ ಸ್ಪ್ಯಾನಿಷಿನ ಒತ್ತು ನಡುವಿನ ಅಕ್ಷರದಿಂದ ಮೊದಲಕ್ಕೆ ಜರುಗಿದ್ದರೂ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಹಾಗಾದರೆ ‘ಸ್ಥಳೀಯರು ಹೇಳಿದ್ದೇ ಸರಿ’ ಎಂದು ಮುಗಿಸಬಹುದೆ? ನಾನು ಬಹುಮಟ್ಟಿಗೆ ಆ ಪಕ್ಷದವನೇ. ಆದರೆ ಸ್ಥಳೀಯರು ಎಂದರೆ ಯಾರು? ಲಾಸ್ ಏಂಜಲೀಸ್ ನಗರದಲ್ಲಿ ಇಂದು ಸುಮಾರು ಅರ್ಧದಷ್ಟು ಜನ ಲ್ಯಾಟಿನ್ ಅಮೆರಿಕದ ಮೂಲದವರು. ಅವರಲ್ಲಿ ಮನೆಯಲ್ಲಿ ‘ಆಂಹೆಲೆಸ್’, ಕಚೇರಿಯಲ್ಲಿ ‘ಏಂಜಲಿಸ್’ ಎನ್ನುವವರು ಎಷ್ಟೋ ಮಂದಿ. ಎರಡೂ ಆ ಊರಿನದೇ ಮಾತು. ನಮಗಿದು ಅರ್ಥವಾಗದ ಸಂಗತಿಯಲ್ಲ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಇಂಗ್ಲಿಷ್ ಹೆಸರು ಬದಲಾದಾಗ ಕನ್ನಡಿಗರ ಬಾಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಬೆಳಗಾವಿ ಬೆಳಗಾವಿಯೇ ಆಗಿತ್ತು. ಬದಲಾದದ್ದು ‘ಬೆಲ್ಗಾಮ್’ ಎನ್ನುತ್ತಿದ್ದವರು ಬರೆಯುವ ರೀತಿ. ಅಂದು ಸಂಭ್ರಮಪಟ್ಟ ನಾವು, ‘ಆಂಹೆಲೆಸ್’ ಎಂದ ಪ್ರಶಿಕ್ಷಣಾರ್ಥಿಗೆ ಷೋಕಿ ಎಂದು ಮೂಗು ಮುರಿಯುವುದು ಸರಿಯಲ್ಲ.

ಇನ್ನು ನಮ್ಮ ತರಗತಿಯ ವಿಚಾರ. ಮೆಕ್ಸಿಕೊ, ಅರ್ಜೆಂಟೀನ, ಕ್ಯೂಬ ಇವೆಲ್ಲ ಕನ್ನಡದಲ್ಲಿ ಬೇರುಬಿಟ್ಟ ಹೆಸರುಗಳು. ಸ್ಪ್ಯಾನಿಷಿನಲ್ಲಿ ‘ಮೆಹಿಕೊ’, ‘ಆರ್ಹೆಂತಿನ’ ಎಂಬುದು ಶಿಕ್ಷಕರಿಗೆ ಗೊತ್ತಿರಲಿ, ಮಕ್ಕಳು ಕೇಳಿದರೆ ಹೇಳಲಿ, ಅಷ್ಟು ಸಾಕು. ಸ್ಪೇನ್ ಎಂಬುದೇ ಇಂಗ್ಲಿಷಿನಿಂದ ಬಂದ ರೂಪ. ಅಲ್ಲಿನವರಿಗೆ ಅದು ‘ಎಸ್ಪಾನ್ಯ’. ಆದರೆ ಕನ್ನಡದಲ್ಲಿ ಇನ್ನೂ ನೆಲೆಯೂರದ ಹೆಸರುಗಳನ್ನು ಇಂಗ್ಲಿಷಿನ ಮೂಲಕ ಸುತ್ತಿ ತರುವುದೇಕೆ? ಸ್ಪ್ಯಾನಿಷಿನ ಐದು ಸ್ವರಗಳೂ ನಮ್ಮಲ್ಲಿವೆ; ಹಿಂದಿಯ ಲಿಪಿಯಲ್ಲಿ ಬರೆಯುವವರಿಗೆ ತೊಡಕಾಗುವ ಹ್ರಸ್ವ ಎ, ಒ ನಮಗೆ ಸಲೀಸು. ಅವರ ‘ತ’, ‘ದ’ ದಂತ್ಯಗಳು, ನಮ್ಮವೂ ದಂತ್ಯಗಳೇ. ‘ಸಾಂತ್ಯಾಗೊ’, ‘ಬೊಗೊತಾ’ ಎಂದು ಹಳ್ಳಿಯ ಮಗು ನೇರವಾಗಿ ಹೇಳಬಲ್ಲದು. ಇಂಗ್ಲಿಷಿನ ದಾರಿಯಲ್ಲಿ ಬಂದ ನಾವು ಅದನ್ನು ‘ಸ್ಯಾಂಟಿಯಾಗೊ’, ‘ಬೊಗೋಟ’ ಮಾಡಿ ತಿದ್ದುತ್ತೇವೆ.

ಅರ್ಧ ತಿಳಿದು ತಿದ್ದುವುದರ ಅಪಾಯವೂ ಇದೆ. ಜೆ ಅಕ್ಷರ ಕಂಡಲ್ಲೆಲ್ಲ ‘ಹ’ ಎಂದು ಕಲಿತವರು ರಿಯೊ ಡಿ ಜನೈರೊವನ್ನು ‘ಹನೈರೊ’ ಮಾಡಿಬಿಡುತ್ತಾರೆ. ಬ್ರೆಜಿಲಿನ ಭಾಷೆ ಪೋರ್ಚುಗೀಸ್. ಅಲ್ಲಿ ಅದು ‘ಜ’ಕ್ಕೇ ಹತ್ತಿರ. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಸಂತ ಜೋಸೆಫರು ‘ಸಾಂ ಜುಜೆ’ ಆಗಿರುವುದೂ ಪೋರ್ಚುಗೀಸಿನ ಮೂಲಕವೇ. ಅಂಥ ಮನೆಯ ಹುಡುಗಿ ಸ್ಯಾನ್ ಹೊಸೆಯನ್ನು ‘ಸಾನ್ ಜೋಸೆ’ ಎಂದು ಓದಿದರೆ ಅದಕ್ಕೆ ನಾಲ್ಕು ಶತಮಾನಗಳ ಕಾರಣವಿದೆ. ಗದರಿಸಿ ಕೂರಿಸಿದರೆ ಪಾಠಕ್ಕೆ ಸಿಗಬಹುದಾಗಿದ್ದ ಒಳ್ಳೆಯ ಉದಾಹರಣೆಯೊಂದು ಕೈಬಿಟ್ಟು ಹೋಗುತ್ತದೆ.

ಇನ್ನೊಂದು ಸಂಗತಿ ನನಗೆ ತುಂಬ ಇಷ್ಟ. ಅಕಾರ ಹಕಾರ ಅದಲುಬದಲಾದರೆ ನಮ್ಮ ತರಗತಿಗಳಲ್ಲಿ ನಗು ಏಳುತ್ತದೆ. ‘ಆಸನ ಜಿಲ್ಲೆ’ ಎಂದ ಹುಡುಗ ವಾರವಿಡೀ ಗೇಲಿಗೆ ಗುರಿಯಾಗುತ್ತಾನೆ. ಆದರೆ ಸ್ಪ್ಯಾನಿಷಿನಲ್ಲಿ ಬರವಣಿಗೆಯ ಹಕಾರಕ್ಕೆ ದನಿಯೇ ಇಲ್ಲ. ಕ್ಯೂಬದ ರಾಜಧಾನಿ ಹವಾನ ಅವರ ಬಾಯಲ್ಲಿ ‘ಲಾ ಅಬಾನ’, ಹೊಂಡುರಾಸ್ ‘ಒಂದುರಾಸ್’. ಆ ಹುಡುಗ ‘ಅವಾನ’ ಎಂದರೆ ಅವನನ್ನು ತಿದ್ದುವ ಮೇಷ್ಟ್ರಿಗಿಂತ ಅವನೇ ಕ್ಯೂಬಕ್ಕೆ ಹತ್ತಿರ. ಹಾಸನವನ್ನು ಹಾಸನ ಎಂದೇ ಬರೆಯಲು ಕಲಿಸೋಣ. ಆದರೆ ನಗು ನಿಲ್ಲಿಸಲು ಹವಾನಕ್ಕಿಂತ ಒಳ್ಳೆಯ ಅವಕಾಶ ಸಮಾಜ ವಿಜ್ಞಾನದ ಶಿಕ್ಷಕರಿಗೆ ಸಿಗಲಾರದು.

ವೀಕ್ಷಕ ಸಹೋದ್ಯೋಗಿಗಳಲ್ಲಿ ನನ್ನ ಬೇಡಿಕೆ ಚಿಕ್ಕದು. ಅಂಕ ಕಳೆಯುವುದಾದರೆ ಆ ಹೆಸರನ್ನು ನೀವು ಹೇಗೆ ಹೇಳುತ್ತೀರೋ ಹಾಗೆ ಕನ್ನಡದಲ್ಲಿ ಬರೆಯಿರಿ. ಯಾವ ಭಾಷೆಯವರು, ಯಾವ ಊರಿನವರು ಹಾಗೆ ಹೇಳುತ್ತಾರೆ ಎಂದು ಒಂದು ಸಾಲು ಸೇರಿಸಿ. ಬರೆಯಲು ಆಗದಿದ್ದರೆ ಅಂಕ ಕಳೆಯಬೇಡಿ. ಮಕ್ಕಳ ಮುಂದೆ ತಡೆದು ತಿದ್ದುವುದಂತೂ ಬೇಡ, ಪಾಠ ಮುಗಿದ ಮೇಲಿನ ಚರ್ಚೆ ಇರುವುದೇ ಅದಕ್ಕೆ. ಪ್ರಶಿಕ್ಷಣಾರ್ಥಿಗಳೂ ಪಾಠಯೋಜನೆಯ ಅಂಚಿನಲ್ಲಿ ಅಂದಿನ ಹೊಸ ಹೆಸರುಗಳನ್ನು ತಾವು ಹೇಳಲಿರುವ ರೂಪದಲ್ಲೇ ಮೊದಲು ಬರೆದಿಟ್ಟುಕೊಳ್ಳಲಿ. ಒಂದು ಪಾಠಕ್ಕೆ ಐದಾರು ಹೆಸರು, ಹತ್ತು ನಿಮಿಷದ ಕೆಲಸ. ವೀಕ್ಷಕರಿಗೆ ಒಪ್ಪಿಗೆಯಾಗದಿದ್ದರೆ ಆಗ ವಾದ ಮಾಡಲು ಇಬ್ಬರ ಮುಂದೆಯೂ ಒಂದು ಕಾಗದವಾದರೂ ಇರುತ್ತದೆ.