ಕಾಯುವುದರಲ್ಲೇ ಅರ್ಧ ಸುಖ
ಮೆಚ್ಚಿನ ಸಂಗೀತದಲ್ಲಿ ಮೈ ಜುಮ್ಮೆನ್ನಿಸುವ ಒಂದು ತಿರುವು ಇದ್ದೇ ಇರುತ್ತದೆ. ಅದು ಬರುವ ಮೊದಲೇ ಮಿದುಳು ಅದಕ್ಕಾಗಿ ಕಾದು ಕೂತಿರುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವ್ಯಾಲರಿ ಸಲಿಂಪೂರ್, ರಾಬರ್ಟ್ ಝಟೋರ್ ಮತ್ತು ಸಂಗಡಿಗರು 2011ರಲ್ಲಿ ಇದನ್ನು ತೋರಿಸಿಕೊಟ್ಟರು. ಕೇಳುಗರು ತಾವೇ ಆರಿಸಿ ತಂದ ವಾದ್ಯಸಂಗೀತ ಕೇಳುತ್ತಿದ್ದಾಗ ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. ರೋಮಾಂಚನಕ್ಕೆ ಕೆಲವು ಸೆಕೆಂಡು ಮುಂಚೆ ಕಾಡೇಟ್ ಎಂಬ ಭಾಗ ಚುರುಕಾಯಿತು. ಆ ಗಳಿಗೆ ಬಂದಾಗ ನ್ಯೂಕ್ಲಿಯಸ್ ಅಕಂಬೆನ್ಸ್ ಎಂಬ ಇನ್ನೊಂದು ಭಾಗ. ಎರಡೂ ಕಡೆ ಒಸರಿದ್ದು ಡೋಪಮೈನ್, ಹಸಿದಾಗ ಸಿಕ್ಕ ಊಟಕ್ಕೂ ಮಿದುಳು ಸ್ರವಿಸುವ ಅದೇ ರಾಸಾಯನಿಕ. ನೂರು ಸಲ ಕೇಳಿದ ರಾಗ ಹಳಸದಿರಲು ಇದೂ ಒಂದು ಕಾರಣವಿರಬೇಕು: ಮುಂದೇನೆಂದು ಗೊತ್ತಿರುವುದರಿಂದಲೇ ಕಾಯುವ ಹಿಗ್ಗು. ಮೊಬೈಲಿನಲ್ಲಿ ಆಲಾಪನೆ ದಾಟಿಸಿ ನೇರ ಪಲ್ಲವಿಗೆ ಹಾರುವವರಿಗೆ ನನ್ನದೊಂದು ವಿನಂತಿ: ದಯವಿಟ್ಟು ಹಾಗೆ ಮಾಡಬೇಡಿ, ಪಲ್ಲವಿಯ ರುಚಿ ಏರುವುದೇ ಆ ಕಾಯುವಿಕೆಯಿಂದ.