ಹಳೆಯ ಆವೃತ್ತಿಯೂ ಇರಲಿ

ಹೊಸ ನೀರು ಬಂದಾಗ ಹಳೆಯ ನೀರು ಕೊಚ್ಚಿಕೊಂಡು ಹೋಗುವುದು ಹೊಳೆಗೆ ಸಹಜ. ಗಣಕಯಂತ್ರದಲ್ಲಿ ಹಾಗಾಗಬಾರದು ಎಂಬುದು ನನ್ನ ಅಭಿಪ್ರಾಯ. ತಂತ್ರಾಂಶದ ಹೊಸ ಆವೃತ್ತಿಯನ್ನು ಅಳವಡಿಸಿಕೊಂಡ ಮೇಲೂ ಹಳೆಯದಕ್ಕೆ ಮರಳುವ ದಾರಿ ಸಾಕಷ್ಟು ಕಾಲ ತೆರೆದಿರಬೇಕು.

2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಹೊಸ ಆವೃತ್ತಿಯೊಂದನ್ನು ಬಿಡುಗಡೆ ಮಾಡಿತು. ಅದನ್ನು ಹಾಕಿಕೊಂಡ ಕೆಲವರ ಸ್ವಂತ ಕಡತಗಳೇ ಅಳಿಸಿಹೋದವು. ಕೆಲವೇ ದಿನಗಳಲ್ಲಿ ವಿತರಣೆಯನ್ನು ನಿಲ್ಲಿಸಿ, ದೋಷವನ್ನು ತಿದ್ದಿ, ನವೆಂಬರ್ 13ರಂದು ಮತ್ತೆ ಹೊರತರಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಯೂ ಎಡವುತ್ತದೆ ಎಂದಮೇಲೆ, ಹಿಂದಿರುಗುವ ಅವಕಾಶವು ಬಳಕೆದಾರನ ಹಕ್ಕೇ ಹೊರತು ಕೃಪೆಯಲ್ಲ.

ವಿಂಡೋಸ್‌ನಲ್ಲಿ ಈ ಅವಕಾಶ ಇಲ್ಲವೆಂದಲ್ಲ. ದೊಡ್ಡ ಬದಲಾವಣೆಯಾದಾಗ ಹಳೆಯ ಆವೃತ್ತಿಯನ್ನು ಗಣಕದಲ್ಲಿಯೇ ತೆಗೆದಿರಿಸಲಾಗುತ್ತದೆ. ಆದರೆ ಮೊದಲು ಒಂದು ತಿಂಗಳಿದ್ದ ಗಡುವನ್ನು 2016ರಲ್ಲಿ 10 ದಿನಗಳಿಗೆ ಇಳಿಸಲಾಯಿತು. ದಿನವಿಡೀ ಗಣಕದ ಮುಂದೆ ಕೂರುವವರಿಗೆ ಅಷ್ಟು ಸಾಕು. ಹದಿನೈದು ದಿನಗಳಿಗೊಮ್ಮೆ ಗಣಕವನ್ನು ತೆರೆಯುವ ನನ್ನ ವಯಸ್ಸಿನವರಿಗೆ ಮುದ್ರಣಯಂತ್ರ ಕೆಲಸ ಮಾಡುತ್ತಿಲ್ಲವೆಂದು ತಿಳಿಯುವ ಹೊತ್ತಿಗೆ ಆ ಬಾಗಿಲು ಮುಚ್ಚಿರುತ್ತದೆ.

ಲಿನಕ್ಸ್ ಬಳಗದವರ ಕ್ರಮ ಇದಕ್ಕಿಂತ ಉದಾರವಾದುದು. ಫೆಡೋರಾದಲ್ಲಿ ವ್ಯವಸ್ಥೆಯ ತಿರುಳಾದ ಕರ್ನೆಲ್‌ನ ಮೂರು ಆವೃತ್ತಿಗಳು ಸಾಮಾನ್ಯವಾಗಿ ಜೊತೆಜೊತೆಗೇ ಇರುತ್ತವೆ. ಹೊಸದು ಕೈಕೊಟ್ಟರೆ ಗಣಕ ಆರಂಭವಾಗುವಾಗಲೇ ಹಳೆಯದನ್ನು ಆರಿಸಿಕೊಳ್ಳಬಹುದು. ಡೆಬಿಯನ್‌ನವರಂತೂ 2005ರಿಂದೀಚಿನ ತಮ್ಮ ತಂತ್ರಾಂಶಗಳನ್ನು ದಿನಾಂಕವಾರು ಭಂಡಾರದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ.

ಹಾಗೆಂದು ಹಳೆಯದರಲ್ಲಿಯೇ ನೆಲೆಸಬೇಕೆಂದು ನಾನು ವಾದಿಸುವುದಿಲ್ಲ. 2017ರ ಮೇ ತಿಂಗಳಲ್ಲಿ ಜಗತ್ತಿನ ಅನೇಕ ದೇಶಗಳ ಗಣಕಗಳನ್ನು ಕಂಗೆಡಿಸಿದ ವಾನಾಕ್ರೈ ದಾಳಿ ಬಳಸಿಕೊಂಡ ದೋಷಕ್ಕೆ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆಯಾಗಿತ್ತು. ಅದನ್ನು ಹಾಕಿಕೊಳ್ಳದವರು ಬೆಲೆ ತೆತ್ತರು. ಆದರೆ ಜನ ಹೊಸದನ್ನು ಮುಂದೂಡುವುದು ಬಹುಮಟ್ಟಿಗೆ ಸೋಮಾರಿತನದಿಂದಲ್ಲ, ಅಂಜಿಕೆಯಿಂದ. ಮರಳಬಹುದೆಂಬ ಭರವಸೆಯಿದ್ದರೆ ಅವರು ಧೈರ್ಯವಾಗಿ ಮುಂದಡಿ ಇಡುತ್ತಾರೆ. ಹಳೆಯ ಆವೃತ್ತಿಯನ್ನು ಉಳಿಸುವುದು ಹೊಸದಕ್ಕೆ ಅಡ್ಡಿಯಲ್ಲ. ಅದೇ ಹೊಸದರ ಬೆಂಬಲ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ತಂತ್ರಾಂಶಗಳನ್ನು ರಚಿಸುವ ಕೆಲಸದಲ್ಲಿದ್ದೀರಿ. ಹೊಸದನ್ನು ಹೊರತರುವ ದಿನ ಹಳೆಯದನ್ನು ಅಳಿಸುವ ಆತುರ ಬೇಡ. ಬಂಧುಗಳಿಗೆ ಒಂದು ಕಿವಿಮಾತು: ಆವೃತ್ತಿ ಮರಳಿದರೂ ಅಳಿದ ಕಡತ ತಾನಾಗಿ ಮರಳದು. ಪತ್ರ, ಭಾವಚಿತ್ರಗಳ ಪ್ರತಿಯೊಂದನ್ನು ಬೇರೆಡೆ ಇರಿಸಿಕೊಂಡ ಮೇಲೆಯೇ ‘ಸಮ್ಮತಿ’ಯ ಗುಂಡಿಯನ್ನು ಒತ್ತಿರಿ.