ಫ್ಯೂಸ್ ಕೈಗೆ ಸಿಗದ ಜಾಗದಲ್ಲೇ ಇರಲಿ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕಕ್ಕೆ ನಮ್ಮ ತಂಡದವರು ಬರೆದ ಪಾಠಯೋಜನೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಜ್ಞಾನ, ತಿಳುವಳಿಕೆ, ಅನ್ವಯ ಎಂಬ ಉದ್ದಿಷ್ಟಗಳ ಎದುರು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆದಿದ್ದಾರೆ. ‘ಕೌಶಲ’ದ ಎದುರು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ವಾಕ್ಯ: ‘ವಿದ್ಯಾರ್ಥಿಯು ಫ್ಯೂಸ್‌ನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸುವನು.’ ಹೊರಗಿನ ಲೋಕದಲ್ಲಿ ಜನ ಫ್ಯೂಸನ್ನು ಹುಡುಕುತ್ತಾರೆ, ತೆಗೆಯುತ್ತಾರೆ, ನೋಡುತ್ತಾರೆ, ಬದಲಿಸುತ್ತಾರೆ. ಅದರ ಚಿತ್ರ ಬರೆಯುವವರು ಶಾಲೆಯವರು ಮಾತ್ರ.

ಚಿತ್ರ ಬರೆಸುವುದಕ್ಕೂ ಒಂದು ಕಾರಣವಿದೆ, ಒಪ್ಪುತ್ತೇನೆ. ಮನೆಯ ಮೇನ್ ಬೋರ್ಡಿನಲ್ಲಿ ಪಿಂಗಾಣಿಯ ಫ್ಯೂಸ್ ಈಗ ಅಪರೂಪವಾಗುತ್ತಿದೆ. ಹೊಸ ಮನೆಗಳಲ್ಲಿ ಎಂಸಿಬಿ ಬಂದಿದೆ, ಬಿದ್ದರೆ ಮೇಲೆತ್ತಿದರಾಯಿತು. ಇದ್ದ ಕಡೆಯೂ 230 ವೋಲ್ಟ್‌ನ ಬೋರ್ಡಿಗೆ ಮಕ್ಕಳ ಕೈ ಹಾಕಿಸಲು ಯಾವ ಶಿಕ್ಷಕರೂ ಒಪ್ಪಬಾರದು. ಹೀಗಾಗಿ ನಾವು ಚಾರ್ಟಿನ ಮೊರೆ ಹೋಗುತ್ತೇವೆ. ಆದರೆ ಶಾಲೆಯ ಅಂಗಳದಲ್ಲೇ ನಿಂತಿರುವ ಕಾರು, ಸ್ಕೂಟರ್, ಗೂಡ್ಸ್ ಆಟೊಗಳ ಒಳಗೆ ಫ್ಯೂಸ್ ಇನ್ನೂ ಜೀವಂತವಾಗಿದೆ. ಅಲ್ಲಿರುವುದು 12 ವೋಲ್ಟ್. ಮುಟ್ಟಿದರೆ ಶಾಕ್ ಹೊಡೆಯುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ಕಿನ ಒಳಗೆ ಸಣ್ಣ ಸೇತುವೆಯಂತೆ ಬಾಗಿದ ಲೋಹದ ಪಟ್ಟಿ ಬರಿಗಣ್ಣಿಗೆ ಕಾಣುತ್ತದೆ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30 ಎಂದು ಬಣ್ಣವೇ ಬೆಲೆ ಹೇಳುತ್ತದೆ. ಇದಕ್ಕಿಂತ ಒಳ್ಳೆಯ ಬೋಧನೋಪಕರಣವನ್ನು ಥರ್ಮೋಕೋಲಿನಲ್ಲಿ ಮಾಡಲು ಸಾಧ್ಯವಿಲ್ಲ.

ಇಷ್ಟರವರೆಗೆ ಬಹಳ ಜನ ಒಪ್ಪುತ್ತಾರೆ. ಒಪ್ಪಿ, ಬಿಡಿಭಾಗಗಳ ಅಂಗಡಿಯಿಂದ ನಾಲ್ಕು ಫ್ಯೂಸ್ ತಂದು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಫ್ಯೂಸನ್ನು ಮೇಜಿನ ಮೇಲೆ ತಂದಿಟ್ಟ ಕೂಡಲೇ ಪಾಠದ ಅರ್ಧ ಹೊರಟುಹೋಗುತ್ತದೆ. ಕೈಗೆ ಸುಲಭವಾಗಿ ಸಿಗುವ ಫ್ಯೂಸನ್ನು ಮಗು ಮೊದಲು ಕೀಳುತ್ತದೆ, ಆಮೇಲೆ ಯೋಚಿಸುತ್ತದೆ. ಸುಲಭವಾಗಿ ಸಿಗದ ಫ್ಯೂಸಿನ ಎದುರು ಆ ಕ್ರಮ ತಿರುಗುತ್ತದೆ. ತಲೆ ಕೆಳಗೆ ಮಾಡಿ, ಟಾರ್ಚ್ ಹಿಡಿದು, ಎರಡೇ ಬೆರಳು ತೂರುವ ಜಾಗಕ್ಕೆ ಕೈ ಹಾಕಬೇಕೆಂದರೆ, ಯಾವ ಫ್ಯೂಸ್ ಎಂದು ಖಚಿತವಾಗದೆ ಯಾರೂ ಹಾಕುವುದಿಲ್ಲ. ಆ ಇಕ್ಕಟ್ಟೇ ತರ್ಕ ಮಾಡಿಸುತ್ತದೆ.

ಬೋಧನಾಭ್ಯಾಸದ ಶಾಲೆಯಲ್ಲಿ ಇದನ್ನು ಮಾಡಿ ನೋಡುವ ಅವಕಾಶ ಸಿಕ್ಕಿತು. ಅಲ್ಲಿನ ಶಿಕ್ಷಕರೊಬ್ಬರ ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟ್ ಸಾಕೆಟ್ ಸತ್ತಿತ್ತು. ಟೈರಿಗೆ ಗಾಳಿ ತುಂಬುವ ಪುಟ್ಟ ಪಂಪನ್ನು ಅದಕ್ಕೆ ಸಿಕ್ಕಿಸಿದ ದಿನದಿಂದ ಹೀಗಾಗಿದೆ ಎಂದು ಅವರೇ ಹೇಳಿದರು. ಫ್ಯೂಸ್ ಪೆಟ್ಟಿಗೆ ಸ್ಟೀರಿಂಗಿನ ಕೆಳಗೆ, ಚಾಲಕರ ಬಲ ಮೊಣಕಾಲಿನ ಮೇಲ್ಭಾಗದಲ್ಲಿ. ಅದನ್ನು ನೋಡಲು ಬಾಗಿಲು ತೆಗೆದು, ನೆಲದ ಮೇಲೆ ಕೂತು, ತಲೆಯನ್ನು ಪೆಡಲ್‌ಗಳ ಹತ್ತಿರ ತರಬೇಕು. ಐದೈದು ಮಕ್ಕಳ ಗುಂಪು. ನಿಯಮ ಒಂದೇ: ಯಾವ ಫ್ಯೂಸ್, ಏಕೆ ಎಂದು ಬರೆದು ತೋರಿಸುವವರೆಗೆ ಯಾರೂ ಒಳಗೆ ಕೈ ಹಾಕುವಂತಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ನಕ್ಷೆಯಿತ್ತು. ಇಂಗ್ಲಿಷ್ ಸಂಕ್ಷಿಪ್ತಾಕ್ಷರಗಳ ಜೊತೆ ಪುಟ್ಟ ಪುಟ್ಟ ಚಿತ್ರಗಳು. ಹಾರ್ನ್ ಒತ್ತಿ ನೋಡಿದರು, ವೈಪರ್ ಓಡಿಸಿದರು, ರೇಡಿಯೊ ಹಾಕಿದರು. ಎಲ್ಲವೂ ಸರಿ. ಹಾಗಾದರೆ ಬ್ಯಾಟರಿ ಚೆನ್ನಾಗಿದೆ, ಮುಖ್ಯ ಫ್ಯೂಸ್ ಚೆನ್ನಾಗಿದೆ, ಈ ಒಂದು ಕವಲು ಮಾತ್ರ ಕೆಟ್ಟಿದೆ. ಸಮಾಂತರ ಜೋಡಣೆಯ ಬಗ್ಗೆ ನಾವು ಹಲಗೆಯ ಮೇಲೆ ಹತ್ತು ನಿಮಿಷ ಹೇಳುವುದನ್ನು ಅವರು ಹಾರ್ನ್ ಒತ್ತುತ್ತಲೇ ಮುಗಿಸಿದರು.

ಒಬ್ಬ ಹುಡುಗ ಮನೆಯಿಂದ ಟೆಸ್ಟರ್ ತಂದಿದ್ದ, ಗೋಡೆಯ ಪ್ಲಗ್ಗಿಗೆ ಹಾಕಿ ನೋಡುವಂಥದ್ದು. ಅದು ಎಲ್ಲಿ ಮುಟ್ಟಿಸಿದರೂ ಹೊತ್ತಲಿಲ್ಲ. ‘ಕರೆಂಟೇ ಇಲ್ಲ ಮಿಸ್’ ಎಂದ. ರೇಡಿಯೊ ಹಾಡುತ್ತಿತ್ತು! ಅದರೊಳಗಿನ ನಿಯಾನ್ ದೀಪ ಹೊತ್ತಲು ಹತ್ತಾರು ವೋಲ್ಟ್ ಬೇಕು, 12 ಸಾಲದು. ಗ್ಯಾರೇಜಿನವರು ಬಳಸುವ ಟೆಸ್ಟ್ ಲ್ಯಾಂಪ್ ಕೊಟ್ಟೆ. ಅದರ ಒಂದು ತುದಿಯ ಕ್ಲಿಪ್ಪನ್ನು ಬಣ್ಣವಿಲ್ಲದ ಬೋಲ್ಟಿಗೆ ಕಚ್ಚಿಸಬೇಕು. ‘ಇನ್ನೊಂದು ವೈರ್ ಎಲ್ಲಿ?’ ಎಂಬ ಪ್ರಶ್ನೆ ಬಂದೇ ಬಂತು. ಕಾರಿನ ಲೋಹದ ಮೈಯೇ ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ ಎಂದಾಗ, ಮಂಡಲ ಎಂದರೆ ಎರಡು ವೈರ್ ಎಂದುಕೊಂಡಿದ್ದವರ ಮುಖ ನೋಡುವಂತಿತ್ತು.

ಇನ್ನು ಇಡೀ ಪಾಠದ ತಿರುಳು ಎನ್ನಬಹುದಾದ ಭಾಗ. ಈ ಫ್ಯೂಸ್‌ಗಳ ನೆತ್ತಿಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳು ತೆರೆದಿರುತ್ತವೆ. ಕೀಲಿ ತಿರುಗಿಸಿ ಆ ಮಂಡಲಕ್ಕೆ ವಿದ್ಯುತ್ ಬರುವಂತೆ ಮಾಡಿ, ಫ್ಯೂಸನ್ನು ಕೀಳದೆಯೇ ಒಂದೊಂದು ಚುಕ್ಕೆಗೂ ದೀಪದ ಮೊನೆ ಮುಟ್ಟಿಸಬಹುದು. ಎರಡೂ ಕಡೆ ಹೊತ್ತಿದರೆ ಫ್ಯೂಸ್ ಸರಿ ಇದೆ. ಒಂದೇ ಕಡೆ ಹೊತ್ತಿದರೆ ಹೋಗಿದೆ. ಮಲ್ಟಿಮೀಟರ್ ಇದ್ದರೆ ಇನ್ನೂ ಚೆಂದ: ಒಳ್ಳೆಯ ಫ್ಯೂಸಿನ ಎರಡು ಚುಕ್ಕೆಗಳ ನಡುವೆ ವಿಭವಾಂತರ ಸುಮಾರು ಸೊನ್ನೆ, ಸುಟ್ಟ ಫ್ಯೂಸಿನ ನಡುವೆ, ಉಪಕರಣದ ಸ್ವಿಚ್ ಹಾಕಿದ್ದರೆ, ಸುಮಾರು 12 ವೋಲ್ಟ್. ಮಕ್ಕಳ ಊಹೆ ಇದಕ್ಕೆ ತದ್ವಿರುದ್ಧ. ಕೆಟ್ಟಿದ್ದರೆ ಸೊನ್ನೆ, ಚೆನ್ನಾಗಿದ್ದರೆ 12 ಎನ್ನುತ್ತಾರೆ. ಪ್ರಾಮಾಣಿಕವಾಗಿ ಕೇಳಿದರೆ ನಮ್ಮ ಬಿಎಸ್ಸಿ ಬಿಎಡ್ ತರಗತಿಯಲ್ಲೂ ಕೆಲವರು ಹಾಗೆಯೇ ಎಂದಾರು. ವಿಭವಾಂತರವೆಂಬುದು ಎರಡು ಬಿಂದುಗಳ ನಡುವಿನ ಸಂಗತಿ ಎಂಬ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದವರಿಗೆ, ಆ ಎರಡು ಬಿಂದುಗಳು ಅರ್ಧ ಸೆಂಟಿಮೀಟರ್ ಅಂತರದಲ್ಲಿ ಕಣ್ಣೆದುರು ಕಂಡದ್ದು ಬೇರೆಯೇ ಕಲಿಕೆ.

ಕೀಳುವುದಕ್ಕೂ ಕ್ರಮವಿದೆ. ಕೀಲಿಯನ್ನು ಆಫ್ ಮಾಡಿ ಹೊರಗೆ ತೆಗೆಯಬೇಕು. ಮೊಬೈಲಿನಲ್ಲಿ ಪೆಟ್ಟಿಗೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಯಾವುದು ಎಲ್ಲಿತ್ತು ಎಂದು ಆಮೇಲೆ ಜಗಳ. ಪೆಟ್ಟಿಗೆಯಲ್ಲೇ ಸಣ್ಣ ಪ್ಲಾಸ್ಟಿಕ್ ಚಿಮುಟ ಇರುತ್ತದೆ. ನಾವು ನೋಡಿದ ಕಾರಿನಲ್ಲಿ ಅದು ಎಂದೋ ಕಳೆದುಹೋಗಿತ್ತು. ಉದ್ದ ಮೂತಿಯ ಇಕ್ಕಳದ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಹಿಡಿಗೆ ದಾರ ಕಟ್ಟಿದೆವು. ಫ್ಯೂಸ್ ಎರಡು ರಿಲೇಗಳ ನಡುವೆ ಹುದುಗಿತ್ತು, ಬೆರಳು ಹೋಗುತ್ತಿರಲಿಲ್ಲ. ನೇರವಾಗಿ ಎಳೆಯಬೇಕು, ತಿರುಚಬಾರದು. ಏಕೆ? ತಿರುಚಿದರೆ ಅದು ಕೂರುವ ಹಿತ್ತಾಳೆಯ ಕಚ್ಚು ಅಗಲವಾಗಿ ಹೊಸ ಫ್ಯೂಸ್ ಸಡಿಲಾಗುತ್ತದೆ. ಸಡಿಲ ಜಾಗದಲ್ಲಿ ರೋಧ ಹೆಚ್ಚುತ್ತದೆ, ಅಲ್ಲಿ ಬಿಸಿ ಏರುತ್ತದೆ. ಜೌಲ್‌ನ ನಿಯಮವನ್ನು ಅನ್ವಯಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕೆ? ಕಡೆಗೆ ತೆಗೆದವಳು ತರಗತಿಯಲ್ಲಿ ಹೆಚ್ಚು ಮಾತನಾಡದ, ಸಣ್ಣ ಕೈಗಳ ಹುಡುಗಿ. ಎತ್ತರದ ಹುಡುಗರಿಗೆ ಭುಜವೇ ಒಳಗೆ ಹೋಗಿರಲಿಲ್ಲ.

ನೀಲಿ ಫ್ಯೂಸ್, 15 ಆಂಪಿಯರ್, ಪಟ್ಟಿ ನಡುವೆ ಕಡಿದಿತ್ತು. ‘20ರದ್ದು ಹಾಕಿಬಿಟ್ಟರೆ ಮತ್ತೆ ಹೋಗಲ್ವಲ್ಲ ಮಿಸ್?’ ಎಂದು ಕೇಳಿದಳು ಒಬ್ಬಳು. ಸಿಗರೇಟು ಪ್ಯಾಕಿನ ಹಾಳೆ ಸುತ್ತಿ, ತಾಮ್ರದ ಎಳೆ ಕಟ್ಟಿ ಓಡಿಸುವವರೆಲ್ಲ ಕೇಳಿಕೊಳ್ಳುವ ಪ್ರಶ್ನೆಯೇ ಇದು. ಅವಳನ್ನು ಗದರಿಸಿದರೆ ಪಾಠ ಅಲ್ಲಿಗೇ ನಿಂತಿತು. ಸಾಕೆಟ್‌ನ ಮುಚ್ಚಳ ಓದಲು ಹೇಳಿದೆ: 12 ವೋಲ್ಟ್, 120 ವ್ಯಾಟ್. ಅಂದರೆ 10 ಆಂಪಿಯರ್. ಪಂಪಿನ ತಳದಲ್ಲಿ 180 ವ್ಯಾಟ್ ಎಂದಿತ್ತು, ಅಂದರೆ 15. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಅದಕ್ಕಿಂತಲೂ ಹೆಚ್ಚು ಎಳೆಯುತ್ತದೆ. ಫ್ಯೂಸ್ ತನ್ನ ಕೆಲಸ ಮಾಡಿತ್ತು, ತಪ್ಪು ಸಾಕೆಟ್‌ಗೆ ಮೀರಿದ ಪಂಪಿನದು. 20 ಹಾಕಿದರೆ ಫ್ಯೂಸ್ ಉಳಿದೀತು. ಡ್ಯಾಶ್‌ಬೋರ್ಡಿನ ಹಿಂದೆ ಯಾರ ಕಣ್ಣಿಗೂ ಬೀಳದ ವೈರ್ ಬಿಸಿಯಾಗುತ್ತದೆ, ಕರಗುವ ಸರದಿ ಅದರದಾಗುತ್ತದೆ. ಪಠ್ಯಪುಸ್ತಕದಲ್ಲಿ 1 ಕಿಲೋವ್ಯಾಟ್ ಇಸ್ತ್ರಿಪೆಟ್ಟಿಗೆ 220 ವೋಲ್ಟ್‌ಗೆ 4.54 ಆಂಪಿಯರ್ ಎಳೆಯುತ್ತದೆ, ಆದ್ದರಿಂದ 5 ಆಂಪಿಯರ್ ಫ್ಯೂಸ್ ಬೇಕು ಎಂಬ ಲೆಕ್ಕವಿದೆ. ಮಕ್ಕಳು ಅದನ್ನು ಮಾಡಿದ್ದರು, ಉತ್ತರವೂ ಸರಿಯಿತ್ತು. ಆದರೆ ಆ ಲೆಕ್ಕ ಯಾರನ್ನು ಯಾವುದರಿಂದ ಕಾಪಾಡುತ್ತದೆ ಎಂದು ಕೇಳಿದವರು ಇಲ್ಲ.

ಆಕ್ಷೇಪಗಳು ಇರುತ್ತವೆ. ಸುರಕ್ಷತೆಯದು ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ರಿಯಾಯಿತಿ ಬೇಡ. 12 ವೋಲ್ಟ್ ಶಾಕ್ ಕೊಡದಿದ್ದರೂ ಬ್ಯಾಟರಿಯ ಎರಡು ತುದಿಗಳಿಗೆ ಸ್ಪ್ಯಾನರ್ ತಗುಲಿದರೆ ಕೈ ಸುಡುವಷ್ಟು ಕಾಯುತ್ತದೆ. ಆದ್ದರಿಂದ ಬಾನೆಟ್ ತೆರೆಯುವುದು ಬೇಡ, ಬ್ಯಾಟರಿಯ ಬಳಿಯ ಮುಖ್ಯ ಫ್ಯೂಸಿನ ತಂಟೆ ಬೇಡ. ಉಂಗುರ, ಬಳೆ, ಕೈಗಡಿಯಾರ ತೆಗೆಸಬೇಕು. ಏರ್‌ಬ್ಯಾಗಿನ ಹಳದಿ ಕನೆಕ್ಟರ್‌ಗಳನ್ನು ಮುಟ್ಟಬಾರದು. ಬ್ಯಾಟರಿಯಿಂದ ಓಡುವ ಸ್ಕೂಟರ್, ಕಾರುಗಳಲ್ಲಿ ವೋಲ್ಟೇಜ್ ಬಹಳ ಹೆಚ್ಚು, ಅವು ಈ ಪಾಠಕ್ಕೆ ಸಲ್ಲ. ಶಾರ್ಟ್ ಸರ್ಕ್ಯೂಟ್ ತೋರಿಸಬೇಕೆಂದಿದ್ದರೆ ವಾಹನದಲ್ಲಿ ತೋರಿಸಬೇಡಿ, ಎರಡು ಮೂರು ಟಾರ್ಚ್ ಸೆಲ್ಲುಗಳಿಗೆ ಪಾತ್ರೆ ತಿಕ್ಕುವ ಉಕ್ಕಿನ ನಾರಿನ ಒಂದು ಎಳೆ ಸಾಕು.

ಪರೀಕ್ಷೆಯ ದೃಷ್ಟಿಯಿಂದ ಇದು ವ್ಯರ್ಥ ಎನ್ನುವವರ ಮಾತಿಗೆ ಹೆಚ್ಚು ಬೆಲೆ ಕೊಡಲಾರೆ. ಫ್ಯೂಸನ್ನು ಸರಣಿಯಲ್ಲೇ ಏಕೆ ಜೋಡಿಸುತ್ತಾರೆ ಎಂಬ ಪ್ರಶ್ನೆಗೆ ಈ ಮಕ್ಕಳು ಪುಸ್ತಕದ ವಾಕ್ಯವಿಲ್ಲದೆಯೂ ಉತ್ತರ ಬರೆಯಬಲ್ಲರು.

ಉಳಿಯುವುದು ಸಮಯ. ಐವತ್ತು ಮಕ್ಕಳ ತರಗತಿ, ಒಂದು ಕಾರು, ನಲವತ್ತು ನಿಮಿಷ: ಲೆಕ್ಕ ಕೂಡುವುದಿಲ್ಲ. ಎರಡು ಪೀರಿಯಡ್ ಒಟ್ಟಿಗೆ ಬೇಕು, ಕಾರಿನ ಬಳಿ ಇಲ್ಲದ ಗುಂಪುಗಳಿಗೆ ತರಗತಿಯಲ್ಲಿ ಬೇರೆ ಕೆಲಸ ಬೇಕು, ಅಲ್ಲಿ ನಿಗಾ ಇಡಲು ಸಹಪಾಠಿ ಪ್ರಶಿಕ್ಷಣಾರ್ಥಿಯೊಬ್ಬರು ಬೇಕು. ಅಡ್ಡಿ ಇರುವುದು ನಮ್ಮ ವೀಕ್ಷಣಾ ನಮೂನೆಯಲ್ಲಿ. ಅದರಲ್ಲಿ ಕಪ್ಪುಹಲಗೆಯ ಬಳಕೆಗೆ ಅಂಕವಿದೆ, ಚಾರ್ಟಿನ ಅಚ್ಚುಕಟ್ಟಿಗೆ ಅಂಕವಿದೆ, ಸಮಯಪಾಲನೆಗೆ ಅಂಕವಿದೆ. ಅಂಗಳದಲ್ಲಿ ಕಾರಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ‘ಮೊದಲು ಯಾವುದೆಂದು ಬರೆದು ತೋರಿಸು’ ಎಂದು ಕಾಯುತ್ತಿರುವ ಪ್ರಶಿಕ್ಷಣಾರ್ಥಿಗೆ ಆ ಹಾಳೆಯಲ್ಲಿ ಜಾಗವೇ ಇಲ್ಲ. ಮೇಲಿಂದ ಮೇಲೆ ನೋಡುವವರಿಗೆ ಅವರು ಪಾಠವನ್ನೇ ಮಾಡುತ್ತಿಲ್ಲ ಅನ್ನಿಸಬಹುದು. ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ಕೋರಿಕೆ ಸಣ್ಣದು. ಭೌತವಿಜ್ಞಾನ ಬೋಧನಾ ವಿಧಾನದ ನಲವತ್ತು ಅಭ್ಯಾಸ ಪಾಠಗಳಿರಲಿ, ಇಪ್ಪತ್ತಿರಲಿ, ಅವುಗಳಲ್ಲಿ ಒಂದನ್ನಾದರೂ ತರಗತಿಯ ಹೊರಗೆ, ಎರಡು ಪೀರಿಯಡ್ ಸೇರಿಸಿ, ಚಾರ್ಟಿಲ್ಲದೆ ಮಾಡಲು ಬಿಡಿ. ವೀಕ್ಷಣೆಗೆ ಬರುವಾಗ ನೆಲದ ಮೇಲೆ ಕೂರಲು ಒಂದು ಹಳೆಯ ಪತ್ರಿಕೆ ತಂದರೆ ಒಳ್ಳೆಯದು, ಫ್ಯೂಸ್ ಪೆಟ್ಟಿಗೆ ನಿಂತವರಿಗೆ ಕಾಣುವುದಿಲ್ಲ.